ಗ್ಲಾಸ್ಗೋದಲ್ಲಿ ಅಣ್ಣನ ಎಡಗೈ

ಮೇಜಿನ ಆಚೆ

ಗೂಡುಗಳನ್ನು ಮುಟ್ಟುವ ಮೊದಲು ವಿಮಾನ ನಿಲ್ದಾಣದ ಸುಂಕದ ಅಧಿಕಾರಿಣಿ ರಬ್ಬರಿನ ಕೈಗವಸು ಹಾಕಿಕೊಂಡಳು. ಹೊಂಗನೂರಿನ ರೇಷ್ಮೆಗೂಡುಗಳು ಅವು, ಒಂದು ಹಿಡಿಯಷ್ಟು. ನಮ್ಮ ದೊಡ್ಡಪ್ಪನ ಮಗನ ಮನೆಯಲ್ಲಿ ನಾನೇ ಆರಿಸಿ, ಹಳೆಯ ರವಿಕೆಬಟ್ಟೆಯ ಚೀಲದಲ್ಲಿ ಕಟ್ಟಿ, ಸೀರೆಗಳ ನಡುವೆ ಇಟ್ಟು ತಂದಿದ್ದೆ.

"ಇದೇನು?" ಎಂದಳು.

"ರೇಷ್ಮೆಗೂಡು."

"ಒಳಗೆ ಏನಾದರೂ ಇದೆಯೇ?"

ರೇಷ್ಮೆ ಎಂದಷ್ಟೇ ಹೇಳಿದ್ದರೆ ಬಿಡುತ್ತಿದ್ದಳೋ ಏನೋ. ಆದರೆ ನಾನು ಕನಕಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು. ಒಳಗೆ ಹುಳು ಇದೆ, ಆವಿ ಕೊಟ್ಟು ಸಾಯಿಸಿದ್ದೇವೆ, ಅದು ಚಿಟ್ಟೆಯಾಗಿ ಹೊರಗೆ ಬರುವ ಭಯವಿಲ್ಲ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಕ್ರಮವಾಗಿ ವಿವರಿಸಿದೆ. ಒಂದೊಂದು ಮಾತಿಗೂ ಅವಳ ಮುಖ ಇಳಿಯುತ್ತಾ ಹೋಯಿತು.

"ಯಾತಕ್ಕೆ ತಂದಿರಿ?"

"ನನ್ನ ಅಣ್ಣನ ಕೈಗೆ."

ಅವಳು ಚೀಲದ ಬಾಯಿ ಕಟ್ಟಿದಳು. ಆಮೇಲೆ ಕ್ಷಮಿಸಿ ಎಂದಳು. ಚೀಲವನ್ನು ಒಂದು ಡಬ್ಬಿಗೆ ಹಾಕಿ ಮುಚ್ಚುವಾಗ ಇನ್ನೊಮ್ಮೆ ಕ್ಷಮಿಸಿ ಎಂದಳು. ನಮ್ಮಲ್ಲಿ ಕಿತ್ತುಕೊಳ್ಳುವವರು ಬೈದು ಕಿತ್ತುಕೊಳ್ಳುತ್ತಾರೆ, ಇಲ್ಲಿ ಕ್ಷಮೆ ಕೇಳಿ ಕಿತ್ತುಕೊಳ್ಳುತ್ತಾರೆ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಹೊರಗೆ ಅಣ್ಣ ನಿಂತಿದ್ದ, ಪಕ್ಕದಲ್ಲಿ ಅತ್ತಿಗೆ ಮಾರ್ಗರೆಟ್. ಅವನ ಎಡಗೈ ಕೋಟಿನ ಜೇಬಿನಲ್ಲಿತ್ತು. ಅದನ್ನು ಅವನು ಹೊರಗೆ ತೆಗೆಯಲಿಲ್ಲ.

"ತಂದ್ಯೇನಮ್ಮಿ?" ಎಂದ. ಬಂದ್ಯಾ ಎಂದಲ್ಲ, ಚೆನ್ನಾಗಿದ್ದೀಯಾ ಎಂದೂ ಅಲ್ಲ.

"ಇಸ್ಕೊಂಬುಟ್ರು ಕಣಣ್ಣ. ಒಳಗೆ ಏನೈತೆ ಅಂದ್ರು. ಹುಳ ಐತೆ ಅಂದೆ."

"ನಿಜ ಯೇಳ್ಬುಟ್ಟಾ?"

"ಹ್ಞೂಂ."

ಅವನು ನಗತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನಮ್ಮವ್ವನ ಮಗಳು ಕಣಮ್ಮಿ ನೀನು. ಕಳ್ಳನ್ಗೂ ಗಂಟು ಎಲ್ಲೈತೆ ಅಂತ ತೋರಿಸ್ಬುಡ್ತೀಯ." ಮಾರ್ಗರೆಟ್ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು.

ಮೇಲಿನ ಮಹಡಿ

ಅವರ ಮನೆ ಕಲ್ಲಿನ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿದೆ. ಒಂದೇ ಮೆಟ್ಟಿಲ ಸಾಲಿಗೆ ಎಲ್ಲ ಮನೆಗಳ ಬಾಗಿಲು. ಮೆಟ್ಟಿಲು ಗುಡಿಸುವುದಕ್ಕೆ ಮನೆಮನೆಗೂ ಸರದಿ ಇದೆ. ಸರದಿ ಬಂದವರ ಬಾಗಿಲಿಗೆ ಪಕ್ಕದವರು ಒಂದು ಸಣ್ಣ ಹಲಗೆ ತೂಗುಹಾಕಿ ಹೋಗುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ, ಯಾರೂ ತಪ್ಪಿಸುವುದೂ ಇಲ್ಲ. ನಮ್ಮ ಬೀದಿಯಲ್ಲಿ ಇಂಥ ಹಲಗೆ ತೂಗಿದ್ದರೆ ಮೊದಲ ವಾರವೇ ಯಾರ ಮನೆಯ ಒಲೆಗೋ ಸೌದೆಯಾಗಿರುತ್ತಿತ್ತು. ನಾನು ಅಲ್ಲಿಗೆ ಹೋದ ವಾರ ಸರದಿ ಅಣ್ಣನದೇ ಆದರೂ ಹಲಗೆ ಅವನ ಬಾಗಿಲಿಗೆ ಬಂದಿರಲಿಲ್ಲ. ಕೆಳಗಿನ ಮನೆಯ ಮುದುಕಿ ಅದನ್ನು ತನ್ನ ಬಾಗಿಲಲ್ಲೇ ಉಳಿಸಿಕೊಂಡಿದ್ದಳು. ಅದರ ಬಗ್ಗೆಯೂ ಯಾರೂ ಮಾತಾಡಲಿಲ್ಲ.

ನಮ್ಮಣ್ಣನ ಪೂರ್ತಿ ಹೆಸರು ಕೆಂಪರಾಜು. ಅಜ್ಜಿಯ ತವರು ಮಾಗಡಿ ಕಡೆಯ ಕೆಂಪಾಪುರ. ಮೊದಲ ಮೊಮ್ಮಗನಿಗೆ ಆ ಹೆಸರೇ ಆಗಬೇಕೆಂದು ಹಟ ಹಿಡಿದಳಂತೆ. ಇಲ್ಲಿ ಅವನು ಬರೀ 'ಕೆಂಪ್'. ಆ ಹೆಸರಿನ ಮನೆತನದವರು ಈ ದೇಶದಲ್ಲೂ ಇದ್ದಾರೆ. ರೇಡಿಯೋದಲ್ಲಿ ಅವನ ಗಿಟಾರು ಕೇಳಿ ಬಂದ ಜನ ವೇದಿಕೆಯ ಮೇಲೆ ಅವನನ್ನು ಕಂಡು, ಇವನು ಸರಿ, ಆ ಬಿಳಿಯ ಕೆಂಪ್ ಎಲ್ಲಿ ಎಂದು ಹುಡುಕುತ್ತಿದ್ದರಂತೆ. ಗೋಡೆಯ ಮೇಲೆ ಹಳೆಯ ಪೋಸ್ಟರುಗಳಿವೆ. ಗಣಿಯ ಊರುಗಳು, ದೋಣಿಯಲ್ಲಿ ಹೋಗಬೇಕಾದ ದ್ವೀಪಗಳು, ಜರ್ಮನಿಯ ಯಾವುದೋ ಪಟ್ಟಣ. ದೊಡ್ಡ ಬ್ಯಾಂಡುಗಳ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅವನ ಹೆಸರು. ಸಣ್ಣ ಊರುಗಳ ಪೋಸ್ಟರಿನಲ್ಲಿ ಮಾತ್ರ ಮೇಲೆ, ದೊಡ್ಡದಾಗಿ.

ಅವನು ಅಲ್ಲಿಗೆ ಮುಟ್ಟಿದ ದಾರಿಯನ್ನು ಒಂದಷ್ಟು ಹೇಳಬೇಕು. ಹೊಂಗನೂರಿನ ನಮ್ಮ ಮನೆಯ ಹಿತ್ತಲಲ್ಲಿ ನೂಲು ಬಿಚ್ಚುವ ಚರಕ ಇತ್ತು. ಅವ್ವ ಗೂಡು ಬೇಯಿಸುವಳು. ಅಣ್ಣ ಕುದಿನೀರಿನ ಮುಂದೆ ಕೂತು ಒಂದೊಂದು ಗೂಡಿನ ಎಳೆಯ ತುದಿಯನ್ನು ಹಿಡಿದು ಕೊಡುವನು. ನಾನು ಚಕ್ರ ತಿರುಗಿಸುವೆ. ಎಳೆ ಕೂದಲಿಗಿಂತ ಸಣ್ಣ. ಹಬೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗಬೇಕು. ಕಡಿದರೆ ನೂಲು ಸಣ್ಣಗಾದದ್ದು ಚಕ್ರದ ಬಳಿ ಇದ್ದವರ ಕಣ್ಣಿಗೆ ಮೊದಲು ಬೀಳುತ್ತದೆ. ಆಗ ನಾನು "ಕಡೀತು!" ಎಂದು ಕೂಗಬೇಕು. ಅವನು ಹೊಸ ತುದಿ ಹುಡುಕಿ ಸೇರಿಸಬೇಕು. ಅದುವರೆಗೆ ಚಕ್ರ ನಿಧಾನವಾಗಬಹುದು, ನಿಲ್ಲಬಾರದು. ನಿಲ್ಲಿಸಿದರೆ ಅವ್ವನ ಕೈಯಲ್ಲಿದ್ದ ಕೋಲು ನನ್ನ ಬೆನ್ನಿಗೆ. ಬೆರಳು ಸುಡುತ್ತದೆ ಎಂದು ಅಣ್ಣ ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಚನ್ನಪಟ್ಟಣದ ಆರ್ಕೆಸ್ಟ್ರಾದವರು ಗಿಟಾರು ಕೊಟ್ಟಾಗ ಆ ಬೆರಳುಗಳೇ ಅವನ ಕೈ ಹಿಡಿದವು. ಉಕ್ಕಿನ ತಂತಿ ಬೇರೆಯವರ ಬೆರಳು ಕೊಯ್ಯುತ್ತಿತ್ತು, ಇವನದನ್ನು ಏನೂ ಮಾಡುತ್ತಿರಲಿಲ್ಲ. ರಾಮನಗರ, ಕನಕಪುರದ ಗಣೇಶನ ಪೆಂಡಾಲುಗಳಿಂದ ಬೆಂಗಳೂರಿನ ಹೋಟೆಲಿನ ಬ್ಯಾಂಡಿಗೆ ಹೋದ. ಅಲ್ಲಿ ಯಾರೋ ಅತಿಥಿ ಬಿಟ್ಟುಹೋದ ಕ್ಯಾಸೆಟ್ಟಿನಲ್ಲಿ ಅವನು ಬ್ಲೂಸ್, ಎಂದರೆ ಅಮೆರಿಕದ ಕಪ್ಪು ಜನರ ನೋವಿನ ಹಾಡು, ಕೇಳಿದ್ದು. ಊರಿಗೆ ಬಂದಾಗ ಅವ್ವ ಅದೆಂಥ ಹಾಡು ಅಂದಳು.

"ಸಾವಿನ ಮನೇಗೆ ತಂಬೂರಿಯೋರು ಬತ್ತಾರಲ್ಲವ್ವ, ಅಂಗೇಯ. ಅಳಬ್ಯಾಡ ಅನ್ನಾಕಿಲ್ಲ ಅದು. ಪಕ್ದಲ್ ಬಂದು ಕೂತ್ಕತ್ತದೆ."

ಅಂಥ ಹಾಡಿಗೆ ವಿದ್ಯುತ್ತು ಕೊಟ್ಟು, ಡ್ರಮ್ಮು ಸೇರಿಸಿ ಜೋರು ಮಾಡಿದ್ದು ಅವನ ಸಂಗೀತ. ಪ್ರವಾಸಿ ಹಡಗಿನ ಬ್ಯಾಂಡಿನಲ್ಲಿ ಸೇರಿ, ಹಡಗು ರಿಪೇರಿಗೆ ನಿಂತಾಗ ಗ್ಲಾಸ್ಗೋದ ಒಂದು ಪಬ್ಬಿಗೆ ಹೋದ. ಅಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದವಳು ಮಾರ್ಗರೆಟ್. ಹಡಗು ಹೊರಟಿತು, ಇವನು ಉಳಿದ. ಅಂದಿನಿಂದ ಅದೇ ಪಬ್ಬಿನಲ್ಲಿ ಗುರುವಾರದ ಸಂಜೆ ಅವನದು. ಎಲ್ಲಿ ತಿರುಗಾಡಿದರೂ ಗುರುವಾರಕ್ಕೆ ವಾಪಸು ಬರುತ್ತಿದ್ದನಂತೆ. ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ತಂಬೂರಿಯ ಹಾಗೆ ಬಿಡದೆ ಮೊಳಗಿಸುತ್ತ, ಸಣ್ಣ ತಂತಿಯನ್ನು ಬೆರಳಲ್ಲಿ ಜಗ್ಗಿ ಜಗ್ಗಿ ಅಳಿಸುವುದು ಅವನ ವರಸೆ.

ಊಟಕ್ಕೆ ಕೂತಾಗ ಮಾರ್ಗರೆಟ್ ಚಹಾದ ಲೋಟವನ್ನು ಅವನ ಎಡಗೈಗೆ ಕೊಟ್ಟಳು. ಅವನು ಲೋಟವನ್ನೇ ನೋಡುತ್ತ ಕೇಳಿದ, "ಇಡ್ಕಂಡಿದೀನಾ?"

"ಇಡ್ಕಂಡಿದೀಯ," ಎಂದಳು ಮಾರ್ಗರೆಟ್, ನಮ್ಮೂರ ಮಾತಿನಲ್ಲೇ.

ನನ್ನ ಮುಖ ನೋಡಿ ಅವಳೇ ವಿವರಿಸಿದಳು. ಲಕ್ವ ಹೊಡೆದ ಮೊದಲ ದಿನಗಳಲ್ಲಿ ಅವನ ಬಾಯಿಂದ ಇಂಗ್ಲಿಷು ಹೊರಟೇ ಹೋಗಿತ್ತು. ಬರೀ ಕನ್ನಡ. ಅದಕ್ಕೆ ಇವಳು ಕಲಿಯಬೇಕಾಯಿತು. "ಒಸಿ ತಾಳು" ಬರುತ್ತದೆ, "ನೀರು ಕುಡಿ" ಬರುತ್ತದೆ. ಇಂಗ್ಲಿಷು ತಿರುಗಿ ಬಂದ ಮೇಲೂ ಈ ಒಂದು ಪ್ರಶ್ನೆಯನ್ನು ಮಾತ್ರ ಅವನು ಕನ್ನಡದಲ್ಲೇ ಕೇಳುತ್ತಾನೆ. ಕೈ ಅಲುಗುತ್ತದೆ, ಮಡಚುತ್ತದೆ, ಎತ್ತುತ್ತದೆ. ಆದರೆ ಏನನ್ನು ಮುಟ್ಟಿದೆ ಎಂದು ಅದಕ್ಕೆ ತಿಳಿಯುವುದಿಲ್ಲ.

ಬಸ್ಸು

ಈ ಊರಿನಲ್ಲಿ ಬಸ್ಸು ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಕುಡಿದವನೂ ಹೇಳುತ್ತಾನೆ. ಕನಕಪುರದಿಂದ ಉಯ್ಯಂಬಳ್ಳಿಗೆ ಹೋಗುವ ಬಸ್ಸಿನಲ್ಲಿ ನಾನು ಹೀಗೆ ಹೇಳಿದರೆ ಡ್ರೈವರು ಗಾಬರಿಯಾಗಿ, ಯಾಕಮ್ಮ, ಸ್ಟಾಪು ತಪ್ಪೋಯ್ತಾ ಎಂದು ಕೇಳಿಯಾನು. ಮಳೆ ಸುರಿದರೆ ಕೊಡೆ ಬಿಚ್ಚುವವರು ಕಡಿಮೆ. ಅಂಗಡಿಯ ಹೆಂಗಸು ನನ್ನನ್ನು 'ಹೆನ್', ಎಂದರೆ ಕೋಳಿ, ಎಂದು ಕರೆದಳು. ಅದು ನಮ್ಮ 'ಅವ್ವಾ' ಎನ್ನುವಷ್ಟೇ ಪ್ರೀತಿಯ ಮಾತು ಎಂದು ಮಾರ್ಗರೆಟ್ ಸಮಾಧಾನ ಹೇಳಿದಳು. "ಕೋಳಿ ಅನ್ನುಸ್ಕೊಳಾಕೆ ಇಷ್ಟ್ ದೂರ ಬಂದ್ಯಲ್ಲಮ್ಮಿ," ಎಂದು ಅಣ್ಣ ರೇಗಿಸಿದ.

ನಾವು ಬಸ್ಸಿನಲ್ಲಿ ಹೋದದ್ದು ಆಸ್ಪತ್ರೆಗೆ, ಕೈಯ ವ್ಯಾಯಾಮಕ್ಕೆ. ಒಂದು ದೊಡ್ಡ ಬೋಗುಣಿಯ ತುಂಬ ಅಕ್ಕಿ. ಅದರೊಳಗೆ ಗುಂಡಿ, ಬೀಗದ ಕೈ, ಗೋಲಿಗಳನ್ನು ಹೂತಿದ್ದರು. ಕಣ್ಣು ಮುಚ್ಚಿಕೊಂಡು ಎಡಗೈಯಿಂದ ಹುಡುಕಿ, ಸಿಕ್ಕಿದ್ದು ಏನೆಂದು ಹೇಳಬೇಕು. ಅಣ್ಣ ಅಕ್ಕಿಯಲ್ಲಿ ಕೈ ಆಡಿಸಿದ. ಬೀಗದ ಕೈ ಅವನ ಬೆರಳ ಸಂದಿಗೆ ಬಂತು, ಹೊರಗೂ ಕಾಣಿಸಿತು. ಅವನು ಹುಡುಕುತ್ತಲೇ ಇದ್ದ. ನಾನು ಗೋಡೆಯ ಕಡೆ ನೋಡಿದೆ. ಆ ಕೈ ಕುದಿನೀರಿನಲ್ಲಿ ಕಣ್ಣಿಗೆ ಕಾಣದ ಎಳೆಯನ್ನು ಹಿಡಿದದ್ದನ್ನು ದಿನವೂ ಕಂಡವಳು ನಾನು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಗೂಡಿನ ಮಾತೆತ್ತಿದ.

"ಅಕ್ಕಿ ಗಿಕ್ಕಿ ನನ್ ಕೈಗೆ ಗುರ್ತಿಲ್ಲ ಕಣಮ್ಮಿ. ಗೂಡಾದ್ರೆ ನೆಪ್ಪಾಯ್ತದೇನೋ ಅಂದ್ಕಂಡಿದ್ದೆ. ಒಸಿ ನೀರು ಕಾಯ್ಸಿ ಕೂತ್ಕಂಡ್ರೆ..."

"ಇನ್ನೊಂದ್ಸಲ ಕಳುಸ್ತೀನಿ ಬುಡಣ್ಣ. ಯಾರ್ ಕೈಲಾರ."

"ಬ್ಯಾಡ. ಆಗ್ದೆ ಓದ್ರೆ ಆ ಆಸೇನೂ ಓಯ್ತದೆ."

ಗುರುವಾರ ವೇದಿಕೆ ಹತ್ತುವುದೋ ಬೇಡವೋ ಎಂಬುದನ್ನು ಆ ವಾರವೇ ತೀರ್ಮಾನಿಸಬೇಕೆಂದು ಮಾರ್ಗರೆಟ್ ಹೇಳಿದ್ದಳು. ಬ್ಯಾಂಡಿನವರು ಅಷ್ಟು ತಿಂಗಳು ಅವನ ಜಾಗವನ್ನು ಯಾರಿಗೂ ಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ನೀರು ಕುದಿಯುತ್ತಿತ್ತು. ಅಣ್ಣ ಕೆಟಲಿನ ಪಕ್ಕ ನಿಂತು ಕಿಟಕಿಯಾಚೆಯ ಮಳೆಯನ್ನು ತೋರಿಸುತ್ತ ನನ್ನ ಜೊತೆ ಮಾತಾಡುತ್ತಿದ್ದ. ಮಾತಿನ ನಡುವೆ ನಾನು ಕಂಡೆ. ಅವನ ಎಡಗೈಯ ಎರಡು ಬೆರಳು ಕೆಟಲಿನ ಲೋಹಕ್ಕೆ ಒರಗಿದ್ದವು. ನಾನು ಕಿರುಚಿ ಕೈ ಎಳೆದೆ. ಬೆರಳ ತುದಿ ಬೆಳ್ಳಗಾಗಿತ್ತು, ನೋಡುತ್ತಿದ್ದಂತೆಯೇ ಬೊಬ್ಬೆ ಎದ್ದಿತು. ಅವನ ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಬೇರೆ ಯಾರದೋ ಕೈ ಎಂಬಂತೆ ಅದನ್ನು ತಿರುಗಿಸಿ ನೋಡಿದ.

"ಆವಾಗ ಸುಡ್ತಿತ್ತು ಕಣಮ್ಮಿ," ಎಂದ. "ಅವ್ವನ್ಗೆ ಯೇಳ್ತಿರ್ಲಿಲ್ಲ ಅಷ್ಟೆ."

ಆ ಮಾತನ್ನು ಕೇಳಲು ನಾನು ಸಮುದ್ರ ದಾಟಿ ಬಂದೆನೇನೋ ಎನ್ನಿಸಿತು. ನಲ್ಲಿ ಬಿಟ್ಟು ಅವನ ಬೆರಳುಗಳನ್ನು ತಣ್ಣೀರಿಗೆ ಹಿಡಿದೆ.

ಗುರುವಾರ

ಡಿಸೆಂಬರಿನಲ್ಲಿ ಆ ಊರಿಗೆ ಮಧ್ಯಾಹ್ನದ ಚಹಾ ಮುಗಿಯುವಷ್ಟರಲ್ಲಿ ಕತ್ತಲು. ಪಬ್ಬಿನೊಳಗೆ ಹೋದರೆ ಒದ್ದೆ ಉಣ್ಣೆಯ ವಾಸನೆ, ಮಂದ ದೀಪ. ನಾನು ಪಬ್ಬು ಕಂಡದ್ದು ಅದೇ ಮೊದಲು. ಬೈಗುಳ, ಗಲಾಟೆ ಇರುತ್ತದೆಂದುಕೊಂಡಿದ್ದೆ. ವಯಸ್ಸಾದ ಗಂಡಹೆಂಡಿರು ಪಂಚಾಯಿತಿ ಕಟ್ಟೆಯ ಮೇಲೆ ಕೂತ ಹಾಗೆ ಕೂತಿದ್ದರು. ನಾನು ಕಿತ್ತಳೆ ರಸ ಕೇಳಿದ್ದಕ್ಕೆ ಯಾರೂ ನಗಲಿಲ್ಲ.

ಮೂಲೆಯ ವೇದಿಕೆ ಒಂದು ಗೇಣು ಎತ್ತರ. ಅದರ ಮೇಲೆ ಡ್ರಮ್ಮಿನವನು ಕೂತಿದ್ದ. ಮಾರ್ಗರೆಟ್ ಬೇಸ್ ಗಿಟಾರು ಹೆಗಲಿಗೆ ಹಾಕಿಕೊಂಡಿದ್ದಳು. ನಡುವೆ ಒಂದು ಖಾಲಿ ಸ್ಟೂಲು, ಅದರ ಹಿಂದೆ ಅಣ್ಣನ ಗಿಟಾರಿಗೆ ದನಿ ಕೊಡುವ ಹಳೆಯ ಆಂಪ್ಲಿಫೈಯರು. ಅದರ ಕೆಂಪು ದೀಪ ಉರಿಯುತ್ತಿತ್ತು, ಒಳಗಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು. ಅವನಿಲ್ಲದ ಗುರುವಾರಗಳಲ್ಲೂ ಅದನ್ನು ಹಾಗೇ ಹಚ್ಚಿಡುತ್ತಿದ್ದರು ಎಂದು ಪಕ್ಕದಲ್ಲಿ ಕೂತ ಹೆಂಗಸು ಹೇಳಿದಳು. ಹಾಡು ನಡೆಯುವಾಗ ಆ ಸದ್ದು ಕೇಳಿಸುವುದಿಲ್ಲ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಕೇಳಿಸುತ್ತದೆಯಂತೆ. ನಮ್ಮಲ್ಲಿ ಸತ್ತವರ ತಲೆಯ ಬಳಿ ದೀಪ ಹಚ್ಚಿಡುತ್ತಾರೆ. ಇವರು ಬದುಕಿದ್ದವನಿಗೆ ಹಚ್ಚಿಟ್ಟಿದ್ದರು.

ಅಣ್ಣ ಶೂ ಕಳಚಿ ಬರಿಗಾಲಲ್ಲಿ ವೇದಿಕೆಯ ಹತ್ತಿರ ಬಂದ. ಆರ್ಕೆಸ್ಟ್ರಾದ ಕಾಲದ ಅಭ್ಯಾಸ. ವೇದಿಕೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಬೇಕು. ಮೊದಮೊದಲು ಇವನೇನೋ ಮಾಟ ಮಾಡುತ್ತಾನೆ ಎಂದುಕೊಂಡ ಆ ಡ್ರಮ್ಮಿನವನೂ ಈಗ ಹಾಗೇ ಮಾಡುತ್ತಾನೆ. ಅಣ್ಣ ಬಗ್ಗಿ ಎಡಗೈಯಿಂದ ಮುಟ್ಟಿದ. ಎದ್ದ. ಅನುಮಾನ ಬಂದವನಂತೆ ಮತ್ತೆ ಬಗ್ಗಿ ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಬೆರಳಿಗೆ ಪಟ್ಟಿ ಸುತ್ತಿತ್ತು. ಬಲಗೈ ತಂತಿ ಮೀಟಿದಾಗ ಕೆಳಗಿನ ಸ್ವರ ಮೊಳಗಿತು. ಮಾರ್ಗರೆಟ್‌ಳ ಬೇಸು ಒಂದೇ ಸ್ವರಸಾಲನ್ನು ಸುತ್ತುತ್ತ ಸುತ್ತುತ್ತ ಬಂತು. ನನಗೆ ಸಂಗೀತ ಗೊತ್ತಿಲ್ಲ. ಕಂಡದ್ದನ್ನು ಹೇಳುತ್ತೇನೆ. ಅಣ್ಣ ತಲೆ ಬಗ್ಗಿಸಿ ಎಡಗೈಯನ್ನೇ ನೋಡುತ್ತಿದ್ದ. ನೋಡುತ್ತಿರುವಷ್ಟು ಹೊತ್ತು ಬೆರಳು ಸರಿಯಾದ ಕಡೆ ಕೂರುತ್ತಿತ್ತು. ಹಾಡು ಏರಿತು. ಏರಿದಾಗ ಅವನು ಅಭ್ಯಾಸಬಲದಿಂದ ಕಣ್ಣು ಮುಚ್ಚಿದ.

ಆಗ ಬೆರಳು ತಂತಿಯಿಂದ ಜಾರಿತು. ಬಲಗೈ ಮೀಟುತ್ತಿತ್ತು, ಎಡಗೈ ಬರಿಯ ಮರದ ಮೇಲೆ ಒತ್ತುತ್ತಿತ್ತು. ಅವನಿಗೆ ಅದು ತಿಳಿಯಲಿಲ್ಲ. ಹೊರಟದ್ದು ಒಂದು ಕೆಟ್ಟ, ಬೋಳು ಸದ್ದು. ಕಣ್ಣು ತೆರೆದು ಕೈ ನೋಡಿಕೊಂಡ. ನುಡಿಸುವುದನ್ನು ನಿಲ್ಲಿಸಿದ. ಜನರಲ್ಲಿ ಯಾರೂ ಕೆಮ್ಮಲಿಲ್ಲ, ಯಾರೂ ಎದ್ದು ಹೋಗಲಿಲ್ಲ, ಯಾರೂ ಸುಳ್ಳು ಚಪ್ಪಾಳೆ ತಟ್ಟಲಿಲ್ಲ. ಡ್ರಮ್ಮು ನಿಂತಿತು. ಮಾರ್ಗರೆಟ್ ಮಾತ್ರ ನಿಲ್ಲಿಸಲಿಲ್ಲ. ನಿಧಾನವಾಗಿ ಅದೇ ಸುತ್ತು, ಅದೇ ಸುತ್ತು.

ಅವಳಿಗೆ ನಮ್ಮ ಚರಕದ ವಿಷಯ ಯಾರೂ ಹೇಳಿರಲಿಲ್ಲ. ಆದರೂ ಅವಳು ಚಕ್ರ ನಿಲ್ಲಿಸಿರಲಿಲ್ಲ. ನನಗೆ ಯಾವ ಊರಲ್ಲಿದ್ದೇನೆ ಎಂಬುದು ಮರೆಯಿತು.

"ಕಡೀತು!" ಎಂದು ಕೂಗಿದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣ ತಲೆ ಎತ್ತಿದ. ಕತ್ತಲಲ್ಲಿ ನಾನು ಅವನಿಗೆ ಕಂಡೆನೋ ಇಲ್ಲವೋ.

"ಕಡೀತು ಕಣಣ್ಣ! ಸೇರ್ಸು!"

ಅವನ ತುಟಿಯ ಒಂದು ಮೂಲೆ ಅಲುಗಿತು. ಸ್ಟೂಲನ್ನು ದೀಪದ ಕೆಳಕ್ಕೆ ಎಳೆದುಕೊಂಡು ಕೂತ. ಒಂದೇ ಬೆರಳನ್ನು ಒಂದೇ ತಂತಿಯ ಮೇಲಿಟ್ಟು, ಸ್ವರ ಸಿಗುವವರೆಗೂ ಕೆಳಗಿನಿಂದ ಮೆಲ್ಲಗೆ ಸರಿಸಿದ. ಸಿಕ್ಕಿತು ಎಂದು ಬೆರಳು ಹೇಳಲಿಲ್ಲ, ಕಿವಿ ಹೇಳಿತು. ಹಾಗೆ ಒಂದೊಂದೇ ಸ್ವರ ತಡವಾಗಿ, ಕೆಳಗಿನಿಂದ ಹತ್ತಿ ಬಂದು, ಮಾರ್ಗರೆಟ್‌ಳ ಸುತ್ತಿಗೆ ಸೇರಿಕೊಂಡಿತು. ಅಲ್ಲಲ್ಲಿ ಮತ್ತೆ ಕಡಿಯಿತು. ನಾನು ಕೂಗಲಿಲ್ಲ. ಅವನೇ ಸೇರಿಸಿಕೊಂಡ. ನಮ್ಮೂರಿನ ಸಾವಿನ ಮನೆಯ ಜಗುಲಿಯಲ್ಲಿ ಕೂತ ಹಾಗಿತ್ತು ನನಗೆ. ಆ ಹಾಡನ್ನು ಅವನು ಕೊನೆ ಮುಟ್ಟಿಸಿದ.

ಚಪ್ಪಾಳೆ ನಿಂತ ಮೇಲೆ ಅವನು ಮೈಕಿನಲ್ಲಿ ಮಾತಾಡಿದ. ಹೆಚ್ಚೇನಿಲ್ಲ. ಶುರು ಮಾಡಿದ್ದನ್ನು ಮುಗಿಸಿದ್ದೇನೆ, ಬರುವ ಗುರುವಾರದಿಂದ ಈ ಸ್ಟೂಲಿನಲ್ಲಿ ಬೇರೆಯವರು ಕೂರಲಿ, ನಾನು ನಿಮ್ಮ ಜೊತೆ ಕೆಳಗೆ ಕೂತು ಕೇಳುತ್ತೇನೆ, ಎಂದ. ಯಾರೋ ಬೇಡ ಎಂದು ಕೂಗಿದರು. ಅವನು ತಲೆ ಅಲ್ಲಾಡಿಸಿದ. ಗಿಟಾರನ್ನು ಗೋಡೆಗೆ ಒರಗಿಸಿ, ಬಗ್ಗಿ, ಬಲಗೈಯಿಂದ ಆಂಪ್ಲಿಫೈಯರಿನ ಗುಂಡಿ ಒತ್ತಿದ. ಕೆಂಪು ದೀಪ ಆರಿತು. ಗುಂಯ್‌ಗುಡುವ ಸದ್ದು ನಿಂತಾಗ ಅಷ್ಟು ಹೊತ್ತೂ ಅದು ಎಷ್ಟು ದೊಡ್ಡದಾಗಿತ್ತು ಎಂದು ತಿಳಿಯಿತು.

ಮನೆಗೆ ನಡೆಯುವಾಗ ಮಳೆ ಹನಿಯುತ್ತಿತ್ತು. ನಾವೂ ಕೊಡೆ ಬಿಚ್ಚಲಿಲ್ಲ.

"ಊರೆಲ್ಲ ಕೇಳಂಗೆ ಕೂಗ್ಬುಟ್ಯಲ್ಲಮ್ಮಿ," ಎಂದ ಅಣ್ಣ.

"ಕಡಿದಿತ್ತು, ಕೂಗ್ದೆ."

"ಅವ್ವ ಇದ್ದಿದ್ರೆ ನಂಗೂ ಒಂದು ಬೀಳೋದು, ಕೋಲಲ್ಲಿ."

"ನಿಂಗ್ಯಾಕೆ? ನೀನು ಸೇರ್ಸಿದ್ಯಲ್ಲ."

ಅವನು ಬಲಗೈಯಿಂದ ಮುಖದ ಮೇಲಿನ ಮಳೆಹನಿ ಒರೆಸಿಕೊಂಡ. ಆಮೇಲೆ, "ಸೇರ್ಸ್ದೆ," ಎಂದ.

ಮೆಟ್ಟಿಲ ಬಾಗಿಲು

ನಾನು ಹೊರಡುವ ಬೆಳಿಗ್ಗೆ ಹಲಗೆ ಅಣ್ಣನ ಬಾಗಿಲಿಗೆ ತೂಗಿತ್ತು. ಕೆಳಗಿನ ಮುದುಕಿಗೆ ಸುದ್ದಿ ಮುಟ್ಟಿತ್ತು ಎಂದು ಕಾಣುತ್ತದೆ. ಈ ಮನುಷ್ಯ ಇನ್ನು ಮನೆಯಲ್ಲೇ ಇರುವವನು, ಗುಡಿಸಲಿ, ಎಂದುಕೊಂಡಳೇನೋ. ಅಣ್ಣ ಹಲಗೆಯನ್ನು ಓದಿ, ಪೊರಕೆ ತಂದು, ಮೇಲಿನ ಮೆಟ್ಟಿಲಿನಿಂದ ಶುರು ಮಾಡಿದ. ಬಲಗೈ ಗುಡಿಸುತ್ತಿತ್ತು, ಎಡಗೈ ಮೇಲ್ಗಡೆ ಹಿಡಿದಿತ್ತು. ಒಂದೊಂದು ಮೆಟ್ಟಿಲಿಗೂ ಕೈ ಪೊರಕೆಯ ಮೇಲಿದೆಯೇ ಎಂದು ನೋಡಿಕೊಳ್ಳುತ್ತಿದ್ದ. ನಾನು ಪೆಟ್ಟಿಗೆ ಹಿಡಿದು ಅವನ ಹಿಂದೆ ಒಂದೊಂದೇ ಮೆಟ್ಟಿಲು ಇಳಿದೆ.

ಕೆಳಗೆ ಮಾರ್ಗರೆಟ್ ಕಾರಿನಲ್ಲಿ ಕಾಯುತ್ತಿದ್ದಳು. ಅಣ್ಣ ಪೊರಕೆಯನ್ನು ಗೋಡೆಗೆ ಒರಗಿಸಿದ. ಅಷ್ಟು ದಿನಗಳಲ್ಲಿ ಮೊದಲ ಸಲ ತಾನಾಗಿ ಎಡಗೈಯನ್ನು ಚಾಚಿ, ನನ್ನ ಕೈಯನ್ನು ಹಿಡಿದ. ಪಟ್ಟಿಯ ಒರಟು ನನ್ನ ಅಂಗೈಗೆ ತಾಗಿತು. ಅವನು ಈ ಸಲ ಕೈ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

"ಇಡ್ಕಂಡಿದೀನೇನಮ್ಮಿ?"

"ಇಡ್ಕಂಡಿದೀಯ ಕಣಣ್ಣ," ಎಂದೆ. "ಒಸಿ ನೋಯೋ ಅಂಗೇ ಇಡ್ಕಂಡಿದೀಯ."